ತಡವಾಗಿ ಬಂದ ಮೊದಲ ಸಾಲು

ಮಂಗಳವಾರ ಸಂಜೆ ಆರು. ರೀಗಾದಲ್ಲಿ
ಲೈಬ್ರರಿಯ ಮೇಲಿನ ಕೋಣೆ.
ನಾವು ಏಳು ಜನ, ಹೀಟರ್ ಒಂದು.
ಸಿಗ್ನೆ, ಇನ್ನೂ ಮೂವತ್ತು ತುಂಬದ ನಮ್ಮ ಮೇಡಂ,
ಹಲಗೆಯ ಮೇಲೊಂದು ಬೆಟ್ಟ ಬರೆದಳು:
ಏರು, ತುದಿ, ಇಳಿಜಾರು.
ಕಥೆ ಅಂದರೆ ಇದು, ಅಂದಳು.
ಬೆಟ್ಟವೇ ಇಲ್ಲವಲ್ಲ ನಮ್ಮ ಊರಲ್ಲಿ, ಅಂದ ಇಲ್ಮಾರ್ಸ್.
ಮೂವತ್ತೊಂದು ವರ್ಷ ಟ್ರಾಮ್ ಓಡಿಸಿದವನು.

ಮೊದಲ ಮನೆಪಾಠ: ನಿಮಗೆ ಆದದ್ದು ಯಾವುದಾದರೂ ಒಂದು.
ನಾನು ಬೇಕರಿಯವಳು,
ಸಕ್ಕರೆ ಸುರಿದ ಹಾಗೆ ವಿಶೇಷಣ ಸುರಿದೆ.
ಅಜ್ಜಿಯ ಮೃದುವಾದ, ಬೆಚ್ಚನೆಯ, ಹಿಟ್ಟು ಮೆತ್ತಿದ ಕೈ.
ಸಿಗ್ನೆ ಕೇಳಿದಳು: ಆ ಕೈ ಏನು ಮಾಡಿತು?
ಗೊತ್ತಿತ್ತು. ಹೇಳಲಿಲ್ಲ.

ಇಲ್ಮಾರ್ಸ್ ಎದ್ದು ನಿಂತು ಓದಿದ:
ಐದು ಹನ್ನೆರಡಕ್ಕೆ ಶೆಡ್ ಬಿಟ್ಟೆ.
ಐದು ಹತ್ತೊಂಬತ್ತಕ್ಕೆ ಮಾರುಕಟ್ಟೆ.
ಐದು ಇಪ್ಪತ್ತಾರಕ್ಕೆ ಸೇತುವೆ.
ಹೀಗೇ ನಾಲ್ಕು ಪುಟ.
ಯಾರೋ ಆಕಳಿಸಿದರು, ನಾನೇ ಇರಬೇಕು.

ಆಮೇಲೆ?
ಆಮೇಲೆ ಮುಂದಿನ ಸ್ಟಾಪು.
ನಿಮಗೇನು ಬೇಕಿತ್ತು?
ಹೊತ್ತಿಗೆ ಸರಿಯಾಗಿ ತಲುಪೋದು.
ಅಡ್ಡ ಬಂದದ್ದು?
ಹಿಮ. ಮದುವೆ ದಿಬ್ಬಣ. ಒಂದು ಸಲ ನಾಯಿ.

ಪೆನ್ನಿನ ಮುಚ್ಚಳ ಹಾಕಿದ, ತೆಗೆದ, ಹಾಕಿದ.
ಒಂದು ಸಲ ಒಬ್ಬ ಮನುಷ್ಯ, ಅಂದ.
ಜನವರಿ. ಕೊನೆಯ ಟ್ರಿಪ್ಪು. ಓಡಿ ಬರ್ತಿದ್ದ,
ಕೋಟಿನೊಳಗೆ ಏನನ್ನೋ ಅವುಚಿಕೊಂಡು,
ಇನ್ನೊಂದು ಕೈ ಮೇಲೆತ್ತಿ.
ಎರಡು ನಿಮಿಷ ತಡವಾಗಿತ್ತು ನನಗೆ. ಬಾಗಿಲು ಮುಚ್ಚಿದೆ.
ಕನ್ನಡಿಯಲ್ಲಿ ನೋಡಿದೆ. ಆ ಕೈ ಇಳಿಯಲೇ ಇಲ್ಲ,
ಸಣ್ಣದಾಗ್ತಾ ಹೋಯ್ತು.

ಆಮೇಲೆ?
ಆಮೇಲೇನು. ಹೊತ್ತಿಗೆ ಸರಿಯಾಗಿ ಶೆಡ್ ಸೇರಿದೆ.

ಹೀಟರ್ ಒಂದೇ ಸದ್ದು ಮಾಡುತ್ತಿತ್ತು.
ಸಿಗ್ನೆ ಅವನ ನಾಲ್ಕೂ ಪುಟದ ಮೇಲೆ
ಉದ್ದಕ್ಕೆ ಗೆರೆ ಎಳೆದಳು, ಮೆಲ್ಲಗೆ,
ಹಳೇ ಬ್ಯಾಂಡೇಜು ಬಿಚ್ಚುವವರ ಹಾಗೆ.
ಆ ಕೈಯಿಂದ ಶುರು ಮಾಡಿ, ಅಂದಳು.

ಕೊನೆ? ಅವನು ಕೇಳಿದ.
ನನಗೂ ಗೊತ್ತಿಲ್ಲ.
ಬೆಟ್ಟದ ಚಿತ್ರವನ್ನು ಯಾರೂ ಬರೆದುಕೊಂಡಿರಲಿಲ್ಲ,
ಇದನ್ನು ಬರೆದುಕೊಂಡೆವು.

ಕೆಳಗೆ ಸ್ಟಾಪಿನಲ್ಲಿ ಟ್ರಾಮ್ ಬಂತು.
ಇಲ್ಮಾರ್ಸ್ ಹತ್ತಲಿಲ್ಲ; ನಡೆದು ಬರ್ತೀನಿ, ಅಂದ.
ಹಳಿಯ ಪಕ್ಕ, ಹಳಿ ತುಳಿಯದೆ, ಹೊರಟ.

ಮನೆಗೆ ಬಂದು, ಕೋಟೂ ಬಿಚ್ಚದೆ,
ಮೃದು ಹೊಡೆದುಹಾಕಿದೆ. ಬೆಚ್ಚನೆ ಹೊಡೆದುಹಾಕಿದೆ.
ಹಿಟ್ಟು ಇರಲಿ ಅನ್ನಿಸಿತು, ಬಿಟ್ಟೆ.
ಅಜ್ಜಿ ಹಿಟ್ಟಿನ ಕೈ ಎತ್ತಿದಳು, ಎಂದು ಬರೆದೆ.
ಆಮೇಲೆ, ಎಂದು ಬರೆದೆ.

ನಾಲ್ಕಕ್ಕೆ ಎದ್ದು ಬ್ರೆಡ್ಡಿಗೆ ನಾದಬೇಕು.
ದೀಪ ಆರಿಸಿರಲಿಲ್ಲ.