ಮೂರನೇ ತಂತಿ

ಗದಗ ರೋಡಿನ ನಮ್ಮ ವರ್ಕ್‌ಶಾಪಿಗೆ ಬೋಗಿ ಬರ್ತಾವ.
ಗಾಲಿ ತಗೀತೇವಿ, ಸ್ಪ್ರಿಂಗ್ ತಗೀತೇವಿ,
ತುಕ್ಕು ತಿಂದ ಪತ್ರಾ ಕತ್ತರಿಸಿ ಹೊಸಾದು ಬೆಸೀತೇವಿ,
ಸೀಟು, ಕಿಟಕಿ, ಸಂಡಾಸಿನ ಬಾಗಲ, ಎಲ್ಲಾ.
ಮೈಮ್ಯಾಲಿನ ನಂಬರ್ ಒಂದ ಹಳೇದು.
ಅದನ್ನ ಬರಿಯಾಂವ ನಾನು,
ಮೂವತ್ತು ವರ್ಷದಿಂದ, ಹಳದಿ ಬಣ್ಣದಾಗ.

ಹಿಂಗಾಗಿ, "ಶಂಟಿಂಗ್ ಬ್ಯಾಂಡ್ ಇನ್ನೂ ಐತೇನೋ?"
ಅಂತ ಯಾರರ ಕೇಳಿದ್ರ ಐತಿ ಅಂತೇನಿ.
ಡ್ರಮ್ಮಿನ ಮುಖದ ಮ್ಯಾಲಿನ ಹೆಸರೂ ನನ್ನ ಅಕ್ಷರನ.

ಮೊದಲ ಜೋಯೆಲ್ ಇದ್ದ, ಕೇಶ್ವಾಪುರದ ಜೋಯೆಲ್ ಹೊಸಮನಿ,
ಚರ್ಚಿನ ಗಿಟಾರಿಗೆ ಇಸ್ತ್ರಿಪೆಟ್ಟಿಗಿ ವೈರ್ ಜೋಡಿಸಿ
ಎರಡು ಸಲ ಕರೆಂಟ್ ಹೊಡಿಸಿಕೊಂಡಾಂವ.
ಡ್ರಮ್ಮಿಗೆ ಮೌಲಾಲಿ. ಮದುವಿ ಮೆರವಣಿಗಿಯಾಗ ತಾಶಾ ಬಾರಿಸಿದ ಕೈ;
ಎಂಥಾ ಇಂಗ್ಲಿಷ್ ಹಾಡಾದ್ರೂ ಕಡೀಕೆ
ವರನ ಕುದುರಿ ಹೊಂಟಂಗ ಕೇಳತಿತ್ತು.
ಹಾಡಾಂವ ಪರಶುರಾಮಸಾ ಇರಕಲ್ಲ. ಅಂವಗ ಇಂಗ್ಲಿಷ್ ಬರ್ತಿದ್ದಿಲ್ಲ,
ನಮಗೂ ಬರ್ತಿದ್ದಿಲ್ಲ, ಕೇಳಾಕ ಬಂದವರಿಗೂ,
ಯಾರಿಗೂ ತ್ರಾಸ ಆಗಲಿಲ್ಲ.
ಬಾಸ್ ನಾನು.
ನಾಲ್ಕ ತಂತಿ, ದಪ್ಪನ್ನವು.
ನುಡಿಯೂ ಮುಂದ ಯಾರಿಗೂ ಗೊತ್ತಾಗೂದಿಲ್ಲ,
ನಿಂತ್ರ ಏನೋ ಬಿದ್ದಂಗ ಆಗತದ.

ತೊಂಬತ್ತಾರರ ಡಿಸೆಂಬರ್, ರೇಲ್ವೆ ಇನ್‌ಸ್ಟಿಟ್ಯೂಟಿನ ಹಾಲ್.
ಹಾಡಿನ ನಟ್ಟನಡುವ
ಜೋಯೆಲ್ಲನ ಮೂರನೇ ತಂತಿ ಫಟ್ ಅಂತು.
ಅಂವ ಆ ಸ್ವರ ಹಾರಿದ. ಹಳ್ಳ ಕಂಡ ಎತ್ತಿನಂಗ
ನಾವೂ ಒಂದು ಕ್ಷಣ ನಿಂತಿವಿ.
ಹಿಂದಿನ ಸಾಲಿನಾಗ ಯಾರೋ ಸೀನಿದರು.
ನನ್ನ ಸೋದರಮಾವನ ಟೂ-ಇನ್-ವನ್ ಅದನ್ನೆಲ್ಲಾ ಕೇಳಿಸಿಕೊಂಡಿತು:
ಹಾಡು, ಖಾಲಿ, ಸೀನು,
ಮತ್ತ ಹಾಡು.

ಜೋಯೆಲ್ ಬೆಟಗೇರಿಗೆ ಪಾಸ್ಟರ್ ಆಗಿ ಹೋದ.
ಅಂವನ ಜಾಗಾಕ್ಕ ವಿದ್ಯಾನಗರದ ಇಂಜಿನಿಯರಿಂಗ್ ಹುಡುಗ,
ವೀರಯ್ಯ ಸೊಪ್ಪಿಮಠ. ಎಂಟು ದಿನ ಕ್ಯಾಸೆಟ್ ತಿಕ್ಕಿ ತಿಕ್ಕಿ ಕಲತ.
ಖಾಲಿಯನ್ನೂ ಕಲತ.
"ಸೀನೂದು ಯಾರ್ರಿ?" ಅಂತ ಕೇಳಿದ, ನಗದನ.

ಪರಶುರಾಮಸಾ ಬಿಟ್ಟದ್ದು ಹನ್ನೆರಡುನೂರು ರೂಪಾಯಿಗೆ.
ಆ ಲೆಕ್ಕ ನಾ ತಪ್ಪಿದ್ದೆನೋ, ಅಂವ ತಪ್ಪಿದ್ದನೋ,
ಹನ್ನೊಂದು ವರ್ಷ ದುರ್ಗದಬೈಲಿನಾಗ ಎದುರಾದ್ರ
ಅಂವ ಬದನಿಕಾಯಿ ನೋಡತಿದ್ದ, ನಾ ಮೆಣಸಿನಕಾಯಿ.

ಮೌಲಾಲಿ ರಮ್ಜಾನ್ ಮುಗಿದ ಎರಡನೇ ದಿನ ತೀರಿಕೊಂಡ.
ಅಂವನ ಹೆಂಡತಿ ಕೋಲು ಎರಡೂ ಪೇಪರಿನಾಗ ಸುತ್ತಿ ಕಳಿಸಿದಳು.
ದಾರ ಭಾಳ ಗಟ್ಟಿ ಕಟ್ಟಿದ್ದಳು.
ನಾ ಇನ್ನೂ ಬಿಚ್ಚಿಲ್ಲ.
ಆಮ್ಯಾಲ ಡ್ರಮ್ಮಿಗೆ ಎಷ್ಟ ಮಂದಿ ಕೂತರೋ,
ಒಬ್ಬಾಂವ ನನ್ನ ಸೈಕಲ್ ಒಯ್ದಾಂವ ತಿರುಗಿ ಬರಲಿಲ್ಲ,
ಒಬ್ಬಾಂವನ ಹೆಸರು ನಾಲಿಗಿ ತುದೀಗೆ ಐತಿ,
ಅಲ್ಲೇ ಇರಲಿ.
ವೀರಯ್ಯ ಹೋಗೂಮುಂದ ತನ್ನ ಶಿಷ್ಯಗ ಕಲಿಸಿ ಹೋದ,
ಅಂವ ಇನ್ನೊಬ್ಬಗ.
ಈಗಿನ ಹುಡುಗನ ಗಿಟಾರಿನಾಗ ಆರೂ ತಂತಿ ಗಟ್ಟಿ ಅದಾವ,
ಆದ್ರೂ ಅಲ್ಲಿ ಬಂದಾಗ ಕೈ ಎತ್ತತಾನ.

ಹೋದ ವರ್ಷ ಬೋಗಿ ಬಾಗಲಾ ಜಾರಿ
ಎಡಗೈ ಉಂಗುರಬೆರಳು ಅರ್ಧಾ ಹೋತು.
ನಂಬರ್ ಬರಿಯೂ ಕೈ ಉಳೀತು, ಅಷ್ಟ ಸಮಾಧಾನ.
ನನ್ನ ಬಾಸ್ ನವನಗರದ ರೋಹಿಣಿಯ ಹೆಗಲಿಗೆ ಹೋತು,
ಪಟ್ಟಿ ಮೂರು ತೂತು ಗಿಡ್ಡ ಮಾಡಿದಳು.

ಉಣಕಲ್ಲಿನ ಬಯಲಿನಾಗ ಮೊನ್ನೆ ಬಾರಿಸಿದರು.
ಮೊದಲ ಸಲ ನಾ ಮಂದಿಯೊಳಗ ನಿಂತಿದ್ದೆ,
ಕೈಯಾಗ ಗಿರ್ಮಿಟ್ ಪೊಟ್ಟಣ.
ನನ್ನ ಹಂಗ ಬಾರಿಸ್ತಾಳೇನು ಅಂತ ಕಿವಿಗೊಟ್ಟೆ.
ಚೊಲೋ ಬಾರಿಸಿದಳು. ನನಗಿಂತ ಅಂತ ನಾ ಹೇಳೂದಿಲ್ಲ.
ಆದ್ರ, ಶಂಟಿಂಗ್ ಅಂದ್ರ ಹಿಂಗ ಕೇಳತದ ಅಂತ
ನನಗ ಇಷ್ಟು ದಿನಾ ಯಾರೂ ಹೇಳಿದ್ದಿಲ್ಲ.

ಆ ಹಾಡು ಬಂತು. ಆ ಜಾಗಾ ಬಂತು.
ಒಂದ ಏಟಿಗೆ ಎಲ್ಲಾರ ಕೈ ಮ್ಯಾಲ,
ಬಯಲು ಗಪ್ಪ.

ಗಿರ್ಮಿಟಿನ ಖಾರಪುಡಿ ಮೂಗಿಗೆ ಏರಿತ್ತು,
ನನಗ ಸೀನು ಬಂತು.

ಮುಂದ ನಿಂತ ಹುಡುಗ ಹೊಳ್ಳಿ ನೋಡಿದ.
ಅಷ್ಟರಾಗ ಹಾಡು ಮುಂದ ಹೋಗಿತ್ತು.