ಹನ್ನೆರಡು ಸಾಲು

ಐತಪ್ಪ ಮೇಸ್ತ್ರಿ ಎತ್ತರವನ್ನು ಅಡಿಯಲ್ಲಿ ಕೇಳುವುದಿಲ್ಲ,
ಎಷ್ಟು ಸಾಲು ಎನ್ನುತ್ತಾನೆ.
ಮುರಕಲ್ಲಿನ ಒಂದು ಸಾಲು, ಗಾರೆ ಸೇರಿ, ಮುಕ್ಕಾಲು ಅಡಿ.
ನಾನು ಹದಿನೈದು ಅಂದೆ.
ಬಾಯಲ್ಲಿದ್ದ ಎಲೆಯನ್ನು ಆ ಕೆನ್ನೆಯಿಂದ ಈ ಕೆನ್ನೆಗೆ ದಾಟಿಸಿ
‘ಒಳಗೆ ಆನೆ ಕಟ್ಟಲಿಕ್ಕುಂಟಾ ಮಾರಾಯ?’ ಎಂದ.

ಆನೆಯಲ್ಲ, ಏಣಿ.
ಇಪ್ಪತ್ತಮೂರು ವರ್ಷ, ಕಟಪಾಡಿಯ ಈ ಹಿತ್ತಿಲಲ್ಲಿ,
ನೀಲಿ ಟಾರ್ಪಾಲಿನ ಕೆಳಗೆ ಬೆನ್ನು ಬಗ್ಗಿಸಿಯೇ
ಬೇರೆಯವರು ಹತ್ತುವುದನ್ನು ಮಾಡಿದೆ.
ಜೂನ್ ಬಂತೆಂದರೆ ಉಳಿ ಡಬ್ಬಕ್ಕೆ, ನಾನು ಜಗಲಿಗೆ.
ಒಮ್ಮೆಯಾದರೂ ಹದಿನಾಲ್ಕು ಅಡಿಯದ್ದೊಂದನ್ನು
ಸ್ವಂತ ಸೂರಿನಡಿ ಎಬ್ಬಿಸಿ, ನೆಟ್ಟಗೆ ನಿಲ್ಲಿಸಿ,
ಕುತ್ತಿಗೆ ನೋಯುವಷ್ಟು ಹೊತ್ತು ನೋಡಬೇಕು.
ಇಷ್ಟೇ ಆಸೆ. ಐತಪ್ಪನಿಗೆ ಹೇಳುವಂಥದ್ದಲ್ಲ.

ರಾತ್ರಿ ಸಿಮೆಂಟು ಚೀಲದ ಬೆನ್ನಿಗೆ ಲೆಕ್ಕ.
ಸಾಲಿಗೆ ಐವತ್ತನಾಲ್ಕು ಕಲ್ಲು, ಕಲ್ಲಿಗೆ ನಲವತ್ತೆಂಟು ರೂಪಾಯಿ;
ಮೂರು ಸಾಲು ಜಾಸ್ತಿಯಾದರೆ ಎಂಟು ಸಾವಿರದ ಹತ್ತಿರ,
ಮರಳು ಬೇರೆ, ಸಾರಣೆ ಬೇರೆ.
ಪೆನ್ಸಿಲು ಮೊಂಡಾಯಿತು. ಮೊತ್ತ ಆಗಲಿಲ್ಲ.

ಮತ್ತೆ ಅಟ್ಟ.
ಕೆಳಗಿಟ್ಟರೆ ನನ್ನ ತಲೆಗೆ ಜಂತಿ ಬಡಿಯುತ್ತದೆ,
ಮೇಲಿಟ್ಟರೆ ಹಂಚಿನ ಬಿಸಿ ಬೆನ್ನು ಸುಡುತ್ತದೆ.
ಜಲಜ ಒಲೆ ಆರಿಸಿ ಬಂದಳು,
ಪಾಯದೊಳಗೆ ಬರಿಗಾಲಲ್ಲಿ ನಿಂತು
ತೆಂಗಿನ ಹಗ್ಗದ ಸುರುಳಿಯೊಂದನ್ನು ಎರಡೂ ಕೈಯಲ್ಲಿ ಮೇಲೆತ್ತಿ,
‘ಇಲ್ಲಿ’ ಎಂದಳು. ‘ಇದಕ್ಕಿಂತ ಮೇಲಿನದ್ದು ಇದ್ದೂ ಇಲ್ಲದ್ದು.’
ಟೇಪು ಹಿಡಿದೆ. ಸರಿಯಾಗಿ ಒಂಬತ್ತನೇ ಸಾಲು.

‘ಗೋಡೆ ಯಾಕೆ ಹದಿನೈದು?’ ಎಂದಳು ಆಮೇಲೆ.
ಹೇಳಿದೆ. ಇವಳಿಗೆ ಹೇಳದಿದ್ದರೆ ಯಾರಿಗೆ?
ನಗುತ್ತಾಳೆ ಅಂದುಕೊಂಡೆ. ನಗಲಿಲ್ಲ.
‘ಏಣಿ ನೆಟ್ಟಗೆ ನಿಂತದ್ದು ಎಲ್ಲಿ ಕಂಡಿದ್ದೀರಿ?
ಒರಗದಿದ್ದರೆ ಅದು ಬರೀ ಎರಡು ಬಿದಿರು.’

ಹನ್ನೆರಡು ಸಾಲು. ನಡುವಿನ ಕೋಳಿಗೆ ಹದಿಮೂರು ಅಡಿ.
ಹದಿನಾಲ್ಕರದ್ದು ಐದು ಅಡಿ ಕಾಲು ಚಾಚಿ
ಸುಖವಾಗಿ ಒರಗುತ್ತದೆ; ಎರಡು ಸಲ ಗುಣಿಸಿ ನೋಡಿದೆ.
ಬೆಳಿಗ್ಗೆ ಐತಪ್ಪ ಕೆಂಪು ಪೆನ್ಸಿಲಲ್ಲಿ ಗೀರು ಎಳೆದ,
ಗೆದ್ದವನ ಹಾಗೆ. ಇರಲಿ.

ಒಂದು ಮಾತ್ರ ಬಿಡಲಿಲ್ಲ:
ಪಡುವಣ ತ್ರಿಕೋನದಲ್ಲಿ ಒಂದು ಕಲ್ಲು ಇಡಬೇಡ.
ಉದ್ಯಾವರ ಹೊಳೆಯಲ್ಲಿ ನೆನೆದ ಬಿದಿರು ಇಪ್ಪತ್ತೆರಡು ಅಡಿ,
ಕಟ್ಟಡ ಇಪ್ಪತ್ತು. ಹೊರಗಿನಿಂದ ಸೀದಾ ಅಟ್ಟಕ್ಕೆ ತೂರಿಸಬೇಕು,
ಉಳಿದ ಎರಡು ಅಡಿ ಹೊರಗೆ ಗಾಳಿ ತಿನ್ನಲಿ.
‘ಗೂಬೆ ಬರುತ್ತದೆ’ ಎಂದ.
ಇಲಿಯಾದರೂ ಕಡಿಮೆಯಾಗುತ್ತದೆ ಎಂದೆ.

ಆರನೇ ಸಾಲು ಏಳುವಾಗಲೇ ಅಟ್ಟ ಅರ್ಧ ತುಂಬಿತು, ಮಾತಿನಲ್ಲಿ.
ಜಲಜಳ ಉಪ್ಪಿನಕಾಯಿ ಭರಣಿ, ಹಲಸಿನ ಹಲಗೆ,
ಕೆಟ್ಟ ಟೇಬಲ್ ಫ್ಯಾನು, ಯಾವತ್ತಾದರೂ ಬೇಕಾಗುವ ತಗಡು.
ಬೇಲಿಯಾಚೆಯಿಂದ ಲಿಗೋರಿ:
‘ನಮ್ಮ ಗೋದಲಿ ಪೆಟ್ಟಿಗೆಗೆ ಒಂದು ಮೂಲೆ ಉಂಟಾ?
ಕುರಿಗಳ ಕಾಲು ಗೆದ್ದಲು ತಿಂದಿದೆ.’
ಉಂಟು ಎಂದೆ. ನಡುವೆ ನಿಂತರೆ ತಲೆಗೆ ಜಾಗ,
ಅಂಚಿಗೆ ಹೋದರೆ ಮೊಣಕಾಲೂರಬೇಕು;
ಕುರಿಗಳಿಗೆ ಅಂಚೇ ಸಾಕು.

ಹತ್ತನೇ ಸಾಲಿಗೆ ಐತಪ್ಪನ ಕೈ ಎಟುಕಲಿಲ್ಲ.
‘ಒಂದು ಏಣಿ ತಾ’ ಎಂದ, ನೀರು ಕೇಳುವ ಹಾಗೆ.
ಹಿತ್ತಿಲೆಲ್ಲ ಹುಡುಕಿದೆ.
ಇದ್ದದ್ದು ಒಂದೇ, ಅದರ ಮೇಲೆ
ಲೈನ್‌ಮ್ಯಾನ್ ಸುಧೀಂದ್ರನ ಹೆಸರು, ಮುಂಗಡ ಕೊಟ್ಟ ತಾರೀಕು.
ಇಪ್ಪತ್ತಮೂರು ವರ್ಷದಲ್ಲಿ ಒಂದನ್ನೂ ಇಟ್ಟುಕೊಂಡಿಲ್ಲ ನಾನು.

ಸಿಮೆಂಟು ಡಬ್ಬದ ಮೇಲೆ ಹಲಗೆ ಇಟ್ಟು ಅವನು ಬೈಯುತ್ತ ಹತ್ತಿದ.
ನಾನು ಎರಡು ಬಿದಿರು ಆರಿಸಿ, ಎಂಟು ತೂತು ಕೊರೆಯಲು ಕೂತೆ,
ತೂತಿನಿಂದ ತೂತಿಗೆ ಜಲಜಳ ಹೆಜ್ಜೆಯ ಅಳತೆ.
ಮೂರನೆಯದು ಕೊರೆಯುವಾಗ ರಸ್ತೆಯಲ್ಲಿ ಸ್ಕೂಟರು ನಿಂತಿತು:
‘ಚೆಂದ ಉಂಟು. ಎಷ್ಟಕ್ಕೆ ಕೊಡುತ್ತೀರಿ?’