ಕಡೆಯವರು

"ಹನ್ನೊಂದನೇ ಬೆಡ್ಡಿನ ಕಡೆಯವರು ಯಾರ್ರೀ?"
ಬಾಗಿಲಿಗಿ ಬಂದು ಒದರಿದ್ರ
ಎದ್ದು ನಿಲ್ಲಾಕಿ ನಾನು.
ಇಪ್ಪತ್ಮೂರು ದಿನ ಆತು, ಇದೇ ಹೆಸರಿಗಿ ಓ ಅಂತೀನಿ.
ಹಡದವ್ವ ಇಟ್ಟ ಹೆಸರು ಜಗದೇವಿ.
ಅದನ್ನ ಆಧಾರ ಕಾರ್ಡಿನ ಸಂಗಟ ಮಡಚಿ
ಕುಪ್ಪಸದಾಗ ಇಟ್ಟೀನಿ.

ಮಲಗಿದಾಕಿ ಚಾಂದಬೀ.
ನನಗ ತಂಗಿ ಅಲ್ಲ, ನೆಗೆಣ್ಣಿ ಅಲ್ಲ.
ದಾಲ್ ಮಿಲ್ಲಿನಾಗ ಹದಿನಾಲ್ಕು ವರ್ಷ
ಒಂದೇ ಜರಡಿ, ಆ ಕಡೆ ಆಕಿ, ಈ ಕಡೆ ನಾ.
ತೊಗರಿ ಧೂಳಿಗಿ ಇಬ್ಬರ ಹುಬ್ಬೂ ಹಳದಿ.
ಮಗಳು ಸೋಲಾಪುರದಾಗ ಹಸಿ ಬಾಣಂತಿ,
ಬಾ ಅಂತ ಹ್ಯಾಂಗ ಅನ್ಲಿ?

ಫಾರ್ಮಿನಾಗ ಕೇಳಿದ್ರು, ಸಂಬಂಧ?
"ಜರಡಿ" ಅಂದೆ.
ಹುಡುಗ ಪೆನ್ನು ಎತ್ತಿ ನನ್ನ ನೋಡಿ
"ಇತರೆ" ಅಂತ ಬರಕೊಂಡ.

ಲಕ್ವಾ ಹೊಡದು ಆಕಿ ನಾಲಿಗ್ಯಾಗ
ಉಳದದ್ದು ಒಂದೇ ಮಾತು: ಪಾನಿ.
ನೀರು ಬೇಕಾದ್ರೂ ಪಾನಿ,
ನೀರಿಗಿ ಹೋಗ್ಬೇಕಾದ್ರೂ ಪಾನಿ,
ನನ್ನ ಕಣ್ಣು ನೋಡಿ ಒಮ್ಮೊಮ್ಮೆ, ಸಣ್ಣಗ,
ಪಾನಿ.

ಔಷಧಿ ಕೌಂಟರಿನ ಹಿಂದ, ಮುರಕ ಸ್ಟ್ರೆಚರ್ ಒಗೀತಿದ್ದ ಖೋಲಿ
ಹೋದ ಸೋಮವಾರ ನಮಗಂತ ತೆಗದಾರ.
ಎರಡು ಚಾಪಿ, ಬಿಸಿನೀರು,
ರೊಟ್ಟಿ ಬೆಚ್ಚಗ ಮಾಡ್ಲಿಕ್ಕ ಒಂದು ತವಾ.
ಗ್ವಾಡಿಗಿ ಒಂದು ಕನ್ನಡಿ, ಯಾಕಿಟ್ಟಾರೋ!
ಹಣಕಿ ಹಾಕಿ, ಯಾರ ಕಡೆಯಾಕಿ ಇಕಿ
ಅಂದ್ಕೊಂಡೆ.
ದಿನದ ಹಾಜರಿ ಮಾತ್ರ ಆ ಖೋಲಿ ಕೊಡಲ್ಲ.
ಮಿಲ್ಲಿನ ಮುಕಾದಮ ಎರಡು ಸಲ ಫೋನ್ ಮಾಡ್ಯಾನ.

ರೂತಮ್ಮ ಸಿಸ್ಟರ್ ಕಲಿಸಿದ್ರು:
"ಎತ್ತಬ್ಯಾಡ, ಹೊರಳಸು.
ಸೊಂಟ ಅಲ್ಲ, ಮೊಣಕಾಲು ಬಗ್ಗಸು.
ಚೀಲ ಎತ್ತಿದಾಕಿ ನೀ, ಗೊತ್ತಿರ್ಬೇಕಲ್ಲ?"
ಗೊತ್ತಿತ್ತು.
ಚೀಲಕ್ಕ ನಾಚಿಕಿ ಇರಲ್ಲ, ಅಷ್ಟೇ.

ನಿನ್ನೆ ಅದೇ ಸಿಸ್ಟರ್ ನನ್ನ ರಟ್ಟಿಗಿ ಪಟ್ಟಿ ಸುತ್ತಿ
ಪುಸ್ ಪುಸ್ ಗಾಳಿ ಹೊಡದ್ರು. ಗಡಿಯಾರದ ಮುಳ್ಳು
ಏರಿತು, ಇಳೀಲಿಕ್ಕ ಒಲ್ಲೆ ಅಂತು.
"ಉಂಡಿಯೇನು?"
"ಗಂಜಿ ಕುಡದಾಳ್ರಿ."
"ನಿದ್ದಿ?"
"ಛಲೋ ಹತ್ತದ ಆಕಿಗಿ."
"ಜಗದೇವಿ, ನಾ ನಿನ್ನ ಕೇಳ್ಲಿಕತ್ತೀನಿ."
ಬಾಯಿ ತೆರದೆ.
ಇದ್ದ ಮಾತೆಲ್ಲ ಎಲ್ಲಿ ಹೋದ್ವೋ,
"ಪಾನಿ" ಅಂದೆ.

ಚಾಪಿ ಮ್ಯಾಲ ಎರಡು ತಾಸು, ಸತ್ತಾಂಗ ಮಲಗಿದ್ದೆ.
ಹೊರಗ ವರಾಂಡದ ಶಹಾಬಾದ ಫರಸಿ
ಹಗಲಿನ ಕಲಬುರಗಿ ಬಿಸಲು ಇನ್ನಾ ಬಿಟ್ಟಿರ್ಲಿಲ್ಲ.
ಕನಸಿನಾಗ ಯಾರೋ ಹನ್ನೊಂದು, ಹನ್ನೊಂದು ಅಂದ್ರು.
ದಡಬಡಿಸಿ ಎದ್ದು ಓಡೋದ್ರಾಗ
ಹನ್ನೆರಡನೇ ಬೆಡ್ಡಿನ ಹುಡುಗ,
ಅಫಜಲಪುರದಿಂದ ಸ್ವಾದರಮಾವನ ಜೋಡಿ ಬಂದಾಂವ,
"ನಾ ಅದೀನ್ರಿ" ಅಂತ ನಿಂತಿದ್ದ,
ಕೈಯಾಗ ನೀರಿನ ಲೋಟ.
"ಪಾನಿ ಅಂದ್ಳು ಅಕ್ಕಾ, ಕುಡಿಸೀನಿ."

ಚಾದರ ಹಸಿ ಆಗಿತ್ತು.
ಚಾಂದಬೀ ನನ್ನ ನೋಡಿದ್ಳು, ನಾ ಆಕಿನ್ನ.
ಅರ್ಧ ಮುಖದಾಗ ಎಷ್ಟು ನಗಬಹುದೋ
ಅಷ್ಟು ನಕ್ಕಳು.

ನಾ ಮೊಣಕಾಲು ಬಗ್ಗಿಸಿದೆ.
"ಆ ಕಡೆ ಹಿಡಿಯಪಾ" ಅಂದೆ.